ಶಾಲು ಹೊದಿಸುವ ಮೊದಲು: ವೀಲ್‌ಚೇರ್ ಕ್ರೀಡಾಪಟುವಿನ ಸಾಧನೆಯನ್ನು ಓದುವ ಬಗೆ

ತುಮಕೂರಿನಿಂದ ನೆಲಮಂಗಲಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್ ದೂರ. ಬಟವಾಡಿ, ಕ್ಯಾತ್ಸಂದ್ರ, ದಾಬಸ್‌ಪೇಟೆ ಎಂದು ಹೆದ್ದಾರಿ ಹಿಡಿದು ಹೋಗುವ ಬಸ್ಸಿಗೆ, ಟ್ರಾಫಿಕ್ ಇದ್ದ ದಿನ, ಅಲ್ಲಿ ಮುಟ್ಟಲು ಗಂಟೆಯ ಮೇಲೇ ಬೇಕು. ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಹುಗ್ ಅಷ್ಟೇ ದೂರವನ್ನು, ಅಂದರೆ 42.195 ಕಿಲೋಮೀಟರನ್ನು, 2021ರ ನವೆಂಬರಿನಲ್ಲಿ ಜಪಾನಿನ ಓಯಿಟಾ ನಗರದಲ್ಲಿ 1 ಗಂಟೆ 17 ನಿಮಿಷ 47 ಸೆಕೆಂಡಿನಲ್ಲಿ ಮುಗಿಸಿದರು. ಎಂಜಿನ್ ಇಲ್ಲ, ಚೈನ್ ಇಲ್ಲ, ಗೇರ್ ಇಲ್ಲ. ಇದ್ದದ್ದು ಮೂರು ಚಕ್ರ, ಎರಡು ತೋಳು. ಸರಾಸರಿ ವೇಗ ಗಂಟೆಗೆ 32 ಕಿಲೋಮೀಟರಿಗೂ ಹೆಚ್ಚು. ಅದೇ ದೂರವನ್ನು ಕಾಲ ಮೇಲೆ ಓಡಿದ ಕೀನ್ಯಾದ ಕೆಲ್ವಿನ್ ಕಿಪ್ಟಮ್ ಅವರ ಶ್ರೇಷ್ಠ ಸಮಯ, 2023ರ ಷಿಕಾಗೊದಲ್ಲಿ, 2 ಗಂಟೆ 35 ಸೆಕೆಂಡು.

ಈ ಎರಡು ಸಮಯಗಳನ್ನು ಅಕ್ಕಪಕ್ಕ ಇಟ್ಟರೆ ಸಾಮಾನ್ಯವಾಗಿ ಎರಡು ಬಗೆಯ ಮಾತು ಬರುತ್ತದೆ. “ಚಕ್ರ ಇದೆಯಲ್ಲ, ಅದರಲ್ಲೇನು ಮಹಾ” ಅನ್ನುವುದು ಒಂದು. “ಪಾಪ, ಕಾಲು ಬಾರದಿದ್ದರೂ ಎಂಥ ಛಲ ನೋಡಿ” ಅನ್ನುವುದು ಇನ್ನೊಂದು. ಎರಡೂ ಆಟ ನೋಡದವರ ಮಾತು. ನಮ್ಮ ಕಡೆಯ ಸನ್ಮಾನ ಸಭೆಗಳಲ್ಲಿ ನಾನು ಹೆಚ್ಚು ಕೇಳಿರುವುದು ಎರಡನೆಯದನ್ನೇ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, “ಅಂಗವೈಕಲ್ಯವನ್ನು ಮೆಟ್ಟಿ ನಿಂತ” ಎಂಬ ಒಂದು ಸಾಲು, ಆಮೇಲೆ ಫೋಟೊ. ಯಾವ ಸ್ಪರ್ಧೆ, ಯಾವ ವರ್ಗ, ಎಷ್ಟು ಸಮಯ, ಎಷ್ಟು ದೂರ ಎಂಬುದು ನಿರೂಪಕರ ಕೈಯ ಚೀಟಿಯಲ್ಲಿ ಇರುವುದೇ ಇಲ್ಲ. ರಣಜಿ ಆಡಿದ ಹುಡುಗನನ್ನು ಕರೆದು ಕೂರಿಸಿದ್ದರೆ ಎಷ್ಟು ರನ್ ಎಂದು ಹೇಳದೆ ಬಿಡುತ್ತಿದ್ದರೆ? ಆ ಚೀಟಿಯಲ್ಲಿ ಏನಿರಬೇಕು, ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅನ್ನುವುದಷ್ಟೇ ಈ ಬರಹದ ಕೆಲಸ.

ಅಕ್ಷರ ಮತ್ತು ಅಂಕಿ

ಪ್ಯಾರಾ ಅಥ್ಲೆಟಿಕ್ಸ್, ಅಂದರೆ ಅಂಗವಿಕಲರ ಓಟ, ಎಸೆತಗಳ ಫಲಿತಾಂಶದಲ್ಲಿ ಹೆಸರಿನ ಪಕ್ಕ ಟಿ54, ಎಫ್53 ಎಂಬ ಗುರುತು ಇರುತ್ತದೆ. ಟಿ ಅಂದರೆ ಟ್ರ್ಯಾಕ್, ಎಫ್ ಅಂದರೆ ಫೀಲ್ಡ್. ಬೆನ್ನುಹುರಿಯ ಪೆಟ್ಟು, ಪೋಲಿಯೊ, ಕಾಲು ಕಳೆದುಕೊಂಡದ್ದು ಮುಂತಾದ ಕಾರಣಗಳಿಂದ ವೀಲ್‌ಚೇರ್‌ನಲ್ಲಿ ಓಡುವವರಿಗೆ ಟಿ51ರಿಂದ ಟಿ54, ಕೂತು ಎಸೆಯುವವರಿಗೆ ಎಫ್51ರಿಂದ ಎಫ್57. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು) ಇರುವವರಿಗೆ ಬೇರೆ ಸಾಲು, 30ರ ಸರಣಿಯದು. ಒಂದೇ ಸಾಲಿನೊಳಗೆ ಅಂಕಿ ಕಡಿಮೆಯಾದಷ್ಟೂ ದೇಹದಲ್ಲಿ ಕೆಲಸಕ್ಕೆ ಬರುವ ಸ್ನಾಯು ಕಡಿಮೆ.

ಕಾಲು ಬರುತ್ತದೋ ಇಲ್ಲವೋ ಎಂಬುದೊಂದೇ ಇಲ್ಲಿ ಲೆಕ್ಕವಲ್ಲ. ವೀಲ್‌ಚೇರ್ ಓಟದಲ್ಲಿ ದೊಡ್ಡ ವ್ಯತ್ಯಾಸ ಮಾಡುವುದು ಹೊಟ್ಟೆ ಮತ್ತು ಬೆನ್ನು. ಟಿ54 ಕ್ರೀಡಾಪಟುವಿಗೆ ಸೊಂಟದ ಮೇಲಿನ ಭಾಗ ಪೂರ್ತಿಯಾಗಿಯೋ ಭಾಗಶಃವೋ ಹಿಡಿತದಲ್ಲಿರುತ್ತದೆ. ಪ್ರತಿ ತಳ್ಳಿಗೂ ಮೈಯನ್ನು ಮುಂದಕ್ಕೆ ಎಸೆದು ಆ ಭಾರವನ್ನೂ ಚಕ್ರಕ್ಕೆ ಕೊಡಬಲ್ಲರು. ಟಿ53ರವರ ತೋಳು ಅಷ್ಟೇ ಗಟ್ಟಿ, ಆದರೆ ಹೊಟ್ಟೆಯ ಸ್ನಾಯು ಮಾತು ಕೇಳುವುದಿಲ್ಲ. ಮೈ ತೊಡೆಯ ಮೇಲೆ ಒರಗಿರುತ್ತದೆ, ಕೆಲಸವೆಲ್ಲ ಭುಜದ್ದೇ. ಟಿ52, ಟಿ51ಕ್ಕೆ ಬಂದರೆ ಕೈಯಲ್ಲೂ ಕೊರತೆ. ಟಿ51ರಲ್ಲಿ ಮೊಣಕೈ ಮಡಿಸುವ ಬಲ ಇದ್ದು, ಚಾಚುವ ಬಲ ತೀರಾ ಕಡಿಮೆ ಇರಬಹುದು. ಹಾಗಾಗಿ ಟಿ54ರ ಸಮಯವನ್ನು ಟಿ51ರ ಸಮಯದ ಜತೆ ಇಟ್ಟು ಯಾರು ದೊಡ್ಡವರು ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ವರ್ಗವನ್ನು ಕ್ರೀಡಾಪಟು ತಾನೇ ಆರಿಸಿಕೊಳ್ಳುವಂತಿಲ್ಲ. ತರಬೇತಿ ಪಡೆದ ವರ್ಗೀಕರಣ ತಂಡ ಮೊದಲು ಮಂಚದ ಮೇಲೆ ಸ್ನಾಯುಬಲ ಪರೀಕ್ಷಿಸುತ್ತದೆ, ಆಮೇಲೆ ಕುರ್ಚಿಯಲ್ಲಿ ಕೂರಿಸಿ ಚಲನೆ ನೋಡುತ್ತದೆ, ಬೇಕಾದರೆ ಸ್ಪರ್ಧೆಯ ಹೊತ್ತಿನಲ್ಲೂ ಕಣ್ಣಿಟ್ಟಿರುತ್ತದೆ. ಇದು ಬರೀ ಕಾಗದದ ಶಾಸ್ತ್ರ ಅಲ್ಲ. ಟೋಕಿಯೊ ಪ್ಯಾರಾಲಿಂಪಿಕ್ಸ್‌ನ ಎಫ್52 ಡಿಸ್ಕಸ್‌ನಲ್ಲಿ ಭಾರತದ ಲೆಕ್ಕಕ್ಕೆ ಬಂದಿದ್ದ ಕಂಚು ಮರುದಿನವೇ ಕೈತಪ್ಪಿತು. ಕಾರಣ, ಮರುಪರಿಶೀಲನೆಯಲ್ಲಿ ಆ ಕ್ರೀಡಾಪಟು ಆ ವರ್ಗಕ್ಕೆ ಹೊಂದುವುದಿಲ್ಲ ಎಂದು ತೀರ್ಮಾನವಾದದ್ದು. “ಪ್ಯಾರಾದಲ್ಲಿ ವರ್ಗಗಳು ಬೇಕಾದಷ್ಟು, ಪದಕ ಸುಲಭ” ಅನ್ನುವವರಿಗೆ ಇದನ್ನು ಹೇಳಬೇಕು. ಕುಸ್ತಿಯಲ್ಲಿ ತೂಕದ ವರ್ಗಗಳಿವೆ, ಅದಕ್ಕೆ ಯಾರೂ ತಕರಾರು ತೆಗೆದದ್ದು ಕಂಡಿಲ್ಲ.

ಕುರ್ಚಿ ಮತ್ತು ಕೈ

ಆಸ್ಪತ್ರೆಯಲ್ಲಿ ನೋಡುವ ಮಡಚುವ ವೀಲ್‌ಚೇರಿಗೂ, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯ ಶಿಬಿರಗಳಲ್ಲಿ ಹಂಚುವ ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಚಕ್ರದ ಗಾಡಿಗೂ ರೇಸಿಂಗ್ ಕುರ್ಚಿಗೂ ಹೆಸರಿನ ನಂಟಷ್ಟೇ. ರೇಸಿಂಗ್ ಕುರ್ಚಿ ಉದ್ದ, ತಗ್ಗು. ಹಿಂದೆ ಎರಡು ದೊಡ್ಡ ಚಕ್ರ, ಮುಂದಕ್ಕೆ ಚಾಚಿದ ದಂಡದ ತುದಿಯಲ್ಲಿ ಒಂದು ಸಣ್ಣ ಚಕ್ರ. ಚೌಕಟ್ಟು ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರಿನದು. ತೂಕ ಹತ್ತು ಕಿಲೋ ಆಸುಪಾಸು. ದೊಡ್ಡ ಚಕ್ರದ ವ್ಯಾಸ ಗಾಳಿ ತುಂಬಿದ ಟೈರ್ ಸೇರಿ 70 ಸೆಂಟಿಮೀಟರ್ ಮೀರಬಾರದು, ಮುಂದಿನದು 50 ಮೀರಬಾರದು. ಗೇರು, ಸನ್ನೆಕೋಲು ಏನೂ ಇರುವಂತಿಲ್ಲ. ಪ್ರತಿ ದೊಡ್ಡ ಚಕ್ರಕ್ಕೆ ಒಂದೇ ಒಂದು ಕೈಬಳೆ, ಅಂದರೆ ಕೈಯಿಂದ ತಳ್ಳಲು ಚಕ್ರದ ಬದಿಗೆ ಬಿಗಿದ ಬಳೆ. ದೊಡ್ಡ ಚಕ್ರಗಳು ಮೇಲ್ಗಡೆ ಒಳಕ್ಕೆ, ನೆಲದ ಕಡೆ ಹೊರಕ್ಕೆ ವಾಲಿರುತ್ತವೆ. ತಿರುವಿನಲ್ಲಿ ಕುರ್ಚಿ ಮಗುಚದಿರಲಿ, ತೋಳು ಟೈರಿಗೆ ಉಜ್ಜದಿರಲಿ ಎಂದು.

ಕುರ್ಚಿಯನ್ನು ಮೈಗೆ ಅಳತೆ ತೆಗೆದು ಮಾಡಿಸಬೇಕು. ಹೆಚ್ಚಿನವರು ಕಾಲು ಮಡಚಿ ಮೊಣಕಾಲೂರಿದ ಭಂಗಿಯಲ್ಲಿ ಕೂರುತ್ತಾರೆ. ಒಂದೆರಡು ಬೆರಳಗಲ ಸಡಿಲವಾದರೂ ತಳ್ಳಿದ ಬಲ ಸೋರಿಹೋಗುತ್ತದೆ. ಹುಗ್ ಅವರ ಈಚಿನ ಕಾರ್ಬನ್ ಕುರ್ಚಿಯ ತಯಾರಿಯಲ್ಲಿ ಫಾರ್ಮುಲಾ ಒನ್ ಕಾರುಗಳ ಸೌಬರ್ ಸಂಸ್ಥೆಯ ಕೈ ಇತ್ತು ಎಂದರೆ ಗಾಳಿಯ ತಡೆ ಇಲ್ಲಿ ಎಷ್ಟು ಮುಖ್ಯ ಎಂದು ಊಹಿಸಬಹುದು. ಹಾಗೆಂದು ಗೆದ್ದದ್ದು ಕುರ್ಚಿ ಎನ್ನುವಂತಿಲ್ಲ. 2021ರ ತನಕ ನಿಂತಿದ್ದ ಮ್ಯಾರಥಾನ್ ದಾಖಲೆ 1 ಗಂಟೆ 20 ನಿಮಿಷ 14 ಸೆಕೆಂಡು. ಅದನ್ನು ಬರೆದವರು ಸ್ವಿಟ್ಜರ್ಲೆಂಡಿನವರೇ ಆದ ಹೈನ್ಜ್ ಫ್ರೈ, 1999ರಲ್ಲಿ, ಇದೇ ಓಯಿಟಾದಲ್ಲಿ. ಕುರ್ಚಿಗಳು ವರ್ಷವರ್ಷಕ್ಕೂ ಉತ್ತಮವಾಗುತ್ತಾ ಬಂದರೂ ಆ ಎರಡೂವರೆ ನಿಮಿಷ ಇಳಿಸಲು 22 ವರ್ಷ ಹಿಡಿಯಿತು.

ಇನ್ನು ಕೈಯ ಕೆಲಸ. ಹೊಸದಾಗಿ ನೋಡುವವರು ಕೈಬಳೆಯನ್ನು ಹಿಡಿದು ತಿರುಗಿಸುತ್ತಾರೆ ಎಂದುಕೊಳ್ಳುತ್ತಾರೆ. ಆ ವೇಗದಲ್ಲಿ ಹಿಡಿದರೆ ಬೆರಳು ಉಳಿಯುವುದಿಲ್ಲ. ಮುಷ್ಟಿ ಕಟ್ಟಿ, ಗಟ್ಟಿ ಗ್ಲೌಸ್ ಹಾಕಿ, ಹೆಬ್ಬೆರಳು ಮತ್ತು ತೋರುಬೆರಳಿನ ಗೆಣ್ಣಿನ ಕಡೆಯಿಂದ ಕೈಬಳೆಯನ್ನು ಗುದ್ದಿ, ಅದರ ಜತೆಯಲ್ಲೇ ಕೆಳಗಿನ ತನಕ ಒತ್ತಿ, ಚಟಕ್ಕನೆ ಬಿಟ್ಟು, ತೋಳನ್ನು ಹಿಂದಕ್ಕೆ ಮೇಲಕ್ಕೆ ಎಸೆದು ಮತ್ತೆ ಇಳಿಸುತ್ತಾರೆ. ಚಕ್ರ ಈಗಾಗಲೇ ತಿರುಗುತ್ತಿರುತ್ತದೆ, ಕೈ ಅದಕ್ಕಿಂತ ಜೋರಾಗಿ ಬಂದು ತಾಕಿದರೆ ಮಾತ್ರ ವೇಗ ಹೆಚ್ಚುತ್ತದೆ. ನಿಧಾನವಾಗಿ ತಾಕಿದರೆ ಆ ಕೈಯೇ ಬ್ರೇಕ್. ವೀಲ್‌ಚೇರ್ ಓಟದ ಅತಿ ಸೂಕ್ಷ್ಮವಾದ ವಿದ್ಯೆ ಇದೇ, ಟಿವಿಯಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಕೈಬಳೆಯ ಅಳತೆ ಸಣ್ಣದಾದಷ್ಟೂ ಮೇಲಿನ ವೇಗ ಚೆನ್ನ, ಆದರೆ ನಿಂತಲ್ಲಿಂದ ಹೊರಡುವುದು ಕಷ್ಟ. ದೊಡ್ಡದಾದರೆ ಹೊರಡುವುದು ಸಲೀಸು, ಆಮೇಲೆ ತೋಳು ಓಡಿ ಓಡಿ ಸಾಕಾಗುತ್ತದೆ. ಸ್ಪರ್ಧೆಗೆ ಮೊದಲೇ ಒಂದನ್ನು ಆರಿಸಿಕೊಳ್ಳಬೇಕು, ನಡುವೆ ಬದಲಿಸುವ ಮಾತೇ ಇಲ್ಲ.

ಇದರಿಂದಲೇ ಫಲಿತಾಂಶಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ನೂರು ಮೀಟರಿನಲ್ಲಿ ಕಾಲಿನ ಓಟಗಾರರೇ ವೇಗ. ಉಸೇನ್ ಬೋಲ್ಟ್ ಅವರ ದಾಖಲೆ 9.58 ಸೆಕೆಂಡು, ಟಿ54ರಲ್ಲಿ ಫಿನ್ಲೆಂಡಿನ ಲಿಯೊ-ಪೆಕ್ಕಾ ತಾಹ್ತಿ 2012ರ ಲಂಡನ್ನಿನಲ್ಲಿ ಓಡಿದ್ದು 13.63. ನಿಂತ ಚಕ್ರವನ್ನು ಮೊದಲ ಗುದ್ದಿನಿಂದ ಎಬ್ಬಿಸಲು ಹೊತ್ತು ಹಿಡಿಯುತ್ತದೆ. ನಾನೂರಕ್ಕೆ ಬರುವ ಹೊತ್ತಿಗೆ ಅಂತರ ಬಹುತೇಕ ಮುಚ್ಚಿಹೋಗಿರುತ್ತದೆ. ಎಂಟುನೂರರಲ್ಲಿ ಡೇವಿಡ್ ರುಡಿಷಾ ಅವರ ಹೆಸರಾಂತ ಓಟ 1 ನಿಮಿಷ 40.91 ಸೆಕೆಂಡು, ಟಿ54ರ ಅಗ್ರ ಪುರುಷರು ಅದನ್ನು ಒಂದೂವರೆ ನಿಮಿಷದ ಒಳಗೆ ಮುಗಿಸುತ್ತಾರೆ. ಅಲ್ಲಿಂದಾಚೆಗೆ ಇದು ಸೈಕಲ್ ರೇಸಿನ ಹಾಗೆ ಆಗಿಬಿಡುತ್ತದೆ: ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವುದು, ಸರದಿಯಲ್ಲಿ ಮುಂದೆ ಬರುವುದು, ಕೊನೆಯ ಸುತ್ತಿನಲ್ಲಿ ಹೊರಬಂದು ನುಗ್ಗುವುದು.

ತಿರುವಿನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಎರಡೂ ಕೈ ತಳ್ಳುವುದರಲ್ಲೇ ಇರುವಾಗ ಟ್ರ್ಯಾಕಿನ ತಿರುವಿನಲ್ಲಿ ಕುರ್ಚಿಯನ್ನು ತಿರುಗಿಸುವವರು ಯಾರು? ಮುಂದಿನ ಚಕ್ರದ ದಂಡದ ಮೇಲೆ ಕಾಂಪೆನ್ಸೇಟರ್ ಎಂಬ ಸಣ್ಣ ಸಾಧನ ಇರುತ್ತದೆ. ತಿರುವು ಶುರುವಾಗುವಲ್ಲಿ ಅದನ್ನೊಮ್ಮೆ ತಟ್ಟಿದರೆ ಮುಂದಿನ ಚಕ್ರ ಟ್ರ್ಯಾಕಿನ ಬಾಗಿಗೆ ಸರಿಯಾದ ಕೋನದಲ್ಲಿ ನಿಂತುಕೊಳ್ಳುತ್ತದೆ, ನೇರ ದಾರಿ ಬಂದಾಗ ಇನ್ನೊಂದು ಬದಿಯಿಂದ ತಟ್ಟಿದರೆ ನೆಟ್ಟಗಾಗುತ್ತದೆ. ಒಂದು ತಳ್ಳಿಗೂ ಮುಂದಿನ ತಳ್ಳಿಗೂ ನಡುವೆ, ಕಣ್ಣು ಮಿಟುಕಿಸುವಷ್ಟರಲ್ಲಿ ಈ ತಟ್ಟು ಮುಗಿಯಬೇಕು. ಅರ್ಧ ಕ್ಷಣ ಹೆಚ್ಚುಕಡಿಮೆಯಾದರೆ ಪಕ್ಕದ ಲೇನಿಗೆ ಹೋಗಿ ಅನರ್ಹ.

ಒಳಗಿನ ಲೆಕ್ಕ

ಬೆನ್ನುಹುರಿ ಪೆಟ್ಟಾದ ಜಾಗದಿಂದ ಕೆಳಗೆ ಎಷ್ಟೋ ಸಲ ಬೆವರುವುದೂ ನಿಂತುಹೋಗಿರುತ್ತದೆ. ಬೆವರು ಇಲ್ಲದಿದ್ದರೆ ಮೈ ತಣಿಯುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ತುಮಕೂರಿನ ಹತ್ತು ಗಂಟೆಯ ಬಿಸಿಲು ಇಂಥವರಿಗೆ ಬರೀ ಕಿರಿಕಿರಿಯಲ್ಲ, ಅಪಾಯ. ನೀರು ಚಿಮುಕಿಸಿಕೊಳ್ಳುವುದು, ಐಸ್ ತುಂಬಿದ ಅಂಗಿ, ನಸುಕಿನ ಅಭ್ಯಾಸ ಎಲ್ಲ ಅದಕ್ಕೇ. ಪೆಟ್ಟು ಎದೆಯ ಮೇಲ್ಭಾಗಕ್ಕೋ ಕುತ್ತಿಗೆಗೋ ಆಗಿದ್ದರೆ ಹೃದಯಕ್ಕೆ ಹೋಗುವ ನರಗಳ ಆಜ್ಞೆಯೂ ತುಂಡಾಗಿರುತ್ತದೆ. ಎಷ್ಟೇ ಜೀವ ಬಿಟ್ಟು ತಳ್ಳಿದರೂ ಹೃದಯಬಡಿತ ನಿಮಿಷಕ್ಕೆ 130ರ ಆಚೆ ಏರದಿರಬಹುದು. ಆರೋಗ್ಯವಂತ ಯುವ ಓಟಗಾರನದು 190ರ ತನಕ ಹೋಗುವುದನ್ನು ನೆನೆದರೆ ಈ ಮಿತಿ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಈ ಮಿತಿ ದಾಟಲು ಕೆಲವರು ಮರಗಟ್ಟಿದ ಭಾಗಕ್ಕೆ ಬೇಕೆಂದೇ ನೋವು ಮಾಡಿಕೊಂಡು ರಕ್ತದೊತ್ತಡ ಏರಿಸಿಕೊಳ್ಳುವ ಅಡ್ಡದಾರಿಯೂ ಇದೆ. ಬೂಸ್ಟಿಂಗ್ ಅನ್ನುತ್ತಾರೆ. ಪಾರ್ಶ್ವವಾಯು ಬಡಿದು ಜೀವ ಹೋಗಬಹುದಾದ್ದರಿಂದ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಇದನ್ನು ನಿಷೇಧಿಸಿದೆ.

ಭುಜದ ಕಷ್ಟ ಬೇರೆಯೇ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಾರಿಗೆ, ದಿನವಿಡೀ ಮೈಯ ಭಾರ ಹೊರುವುದೂ ಅದೇ ಭುಜ, ರೇಸಿನಲ್ಲಿ ತಳ್ಳುವುದೂ ಅದೇ ಭುಜ. ಅದಕ್ಕೆ ರಜೆ ಇಲ್ಲ.

ಕೂತು ಎಸೆಯುವವರು

ಭಾರತದ ವೀಲ್‌ಚೇರ್ ಕ್ರೀಡಾಪಟುಗಳಲ್ಲಿ ಈಚಿನ ಪ್ಯಾರಾಲಿಂಪಿಕ್ಸ್‌ಗಳಿಂದ ಪದಕ ತಂದವರ ಪಟ್ಟಿ ನೋಡಿದರೆ ಎಸೆತ, ಶೂಟಿಂಗ್, ಟೇಬಲ್ ಟೆನಿಸ್, ಪವರ್‌ಲಿಫ್ಟಿಂಗ್ ಸಿಗುತ್ತದೆ. ವೀಲ್‌ಚೇರ್ ಓಟ ಸಿಗುವುದಿಲ್ಲ. ಪ್ಯಾರಾಲಿಂಪಿಕ್ಸ್ ಟ್ರ್ಯಾಕಿನಲ್ಲಿ ನಮಗೆ ಮೊದಲ ಪದಕ ಬಂದದ್ದೇ 2024ರಲ್ಲಿ, ಪ್ರೀತಿ ಪಾಲ್ ಅವರಿಂದ, ಅದೂ ನಿಂತು ಓಡುವ ಟಿ35ರಲ್ಲಿ. ಇದಕ್ಕೆ ಮುಖ್ಯ ಕಾರಣ ದುಡ್ಡು ಎಂದೇ ನನ್ನ ಅನಿಸಿಕೆ. ಶಾಟ್‌ಪುಟ್ ಗುಂಡು ಊರಲ್ಲೇ ಸಿಗುತ್ತದೆ, ಎಸೆಯುವ ಸ್ಟೂಲನ್ನು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಬಹುದು. ಅಂತರರಾಷ್ಟ್ರೀಯ ಮಟ್ಟದ ರೇಸಿಂಗ್ ಕುರ್ಚಿ ಹೊರದೇಶದಿಂದ ಬರಬೇಕು, ಬೆಲೆ ಲಕ್ಷಗಳಲ್ಲಿ. ಬಂದ ಮೇಲೂ ಅದಕ್ಕೆ ನುಣುಪಾದ ನೆಲ ಬೇಕು. ನೆಲಕ್ಕೆ ಅಂಟಿದಂತೆ ಓಡುವ ಆ ಕುರ್ಚಿಯನ್ನು ನಮ್ಮ ಬಡಾವಣೆಗಳ ಹಂಪ್‌ಗಳ ಮೇಲೆ ಓಡಿಸುವುದು ಹಾಗಿರಲಿ, ದಾಟಿಸುವುದೇ ಕಷ್ಟ.

ಎಸೆತದ ಅಂಕಿಗಳನ್ನು ಓದುವಾಗ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಅವು ಸಣ್ಣವು. 2016ರ ರಿಯೊದಲ್ಲಿ ದೀಪಾ ಮಲಿಕ್ ಎಫ್53 ಶಾಟ್‌ಪುಟ್‌ನಲ್ಲಿ ಬೆಳ್ಳಿ ಗೆದ್ದ ಎಸೆತ 4.61 ಮೀಟರ್. ನಿಂತು ಎಸೆಯುವ ಶಾಟ್‌ಪುಟ್‌ನಲ್ಲಿ ಬಲ ಹುಟ್ಟುವುದು ಪಾದದಲ್ಲಿ, ತೊಡೆ, ಸೊಂಟ, ಬೆನ್ನು ಸುತ್ತಿ ಕೊನೆಗೆ ತೋಳಿಗೆ ಬರುತ್ತದೆ. ಎಫ್53ರಲ್ಲಿ ಹೊಟ್ಟೆಯ ಸ್ನಾಯುವೂ ಇಲ್ಲ. ನೆಲಕ್ಕೆ ಬಿಗಿದ ಆಸನಕ್ಕೆ ಪಟ್ಟಿ ಕಟ್ಟಿಕೊಂಡು ಕೂತು, ಆಸರೆಯ ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಎಸೆಯಬೇಕು. ಪೃಷ್ಠ ಆಸನದಿಂದ ಎದ್ದರೆ ಫೌಲ್. ಚಿನ್ನ ಗೆದ್ದ ಬಹರೇನಿನ ಫಾತೆಮಾ ನೆಧಾಮ್ ಎಸೆದದ್ದು 4.76. ಅಂದರೆ ಚಿನ್ನಕ್ಕೂ ಬೆಳ್ಳಿಗೂ ನಡುವೆ ಇದ್ದದ್ದು ಒಂದು ಗೇಣಿಗೂ ಕಡಿಮೆ. ಪ್ಯಾರಾಲಿಂಪಿಕ್ಸ್ ಪದಕ ಗೆದ್ದ ಭಾರತದ ಮೊದಲ ಮಹಿಳೆ ದೀಪಾ.

ಎಫ್51 ಇನ್ನೂ ಕೆಳಗಿನ ಮೆಟ್ಟಿಲು, ಅಲ್ಲಿ ಬೆರಳಿನ ಹಿಡಿತವೂ ಇರುವುದಿಲ್ಲ. ಆ ವರ್ಗದವರಿಗೆ ಕ್ಲಬ್ ಥ್ರೋ ಎಂಬ ಸ್ಪರ್ಧೆಯಿದೆ, 397 ಗ್ರಾಂ ತೂಕದ ಮರದ ದಾಂಡಿನಂಥದನ್ನು ಎಸೆಯುವುದು. ಕಾಲುವೆಗೆ ಧುಮುಕುವಾಗ ಕುತ್ತಿಗೆಗೆ ಪೆಟ್ಟು ಮಾಡಿಕೊಂಡ ಹರಿಯಾಣದ ಧರಮ್‌ಬೀರ್ 2024ರ ಪ್ಯಾರಿಸ್‌ನಲ್ಲಿ ಮೊದಲ ನಾಲ್ಕು ಎಸೆತಗಳನ್ನೂ ಫೌಲ್ ಮಾಡಿದರು. ಐದನೆಯದು 34.92 ಮೀಟರ್, ಚಿನ್ನ. ಬೆಳ್ಳಿ ಕೂಡ ಭಾರತಕ್ಕೇ, ಪ್ರಣವ್ ಸೂರ್ಮಾ ಅವರಿಗೆ, 34.59. ಹಿಡಿಯಲಾಗದ ಬೆರಳುಗಳ ಸಂದಿಯಿಂದ ದಾಂಡನ್ನು ಸರಿಯಾದ ಕ್ಷಣಕ್ಕೆ ಬಿಡುವುದು ಏನೆಂದು ಊಹಿಸಿಕೊಂಡರೆ ಆ ನಾಲ್ಕು ಫೌಲುಗಳೂ ಅರ್ಥವಾಗುತ್ತವೆ.

ಮಾಲತಿ ಹೊಳ್ಳ ಮತ್ತು ತಡವಾಗಿ ಬಂದ ಮನ್ನಣೆಗಳು

ಕರ್ನಾಟಕದಲ್ಲಿ ಈ ಮಾತು ಎತ್ತಿದರೆ ಮೊದಲು ಬರಬೇಕಾದ ಹೆಸರು ಮಾಲತಿ ಕೃಷ್ಣಮೂರ್ತಿ ಹೊಳ್ಳ. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಕೂಸಾಗಿದ್ದಾಗಲೇ ಪೋಲಿಯೊ ಬಡಿಯಿತು, ಬಾಲ್ಯದ ಬಹುಪಾಲು ಚೆನ್ನೈನ ಆಸ್ಪತ್ರೆ, ಶಸ್ತ್ರಚಿಕಿತ್ಸೆಗಳಲ್ಲೇ ಕಳೆಯಿತು. ಬ್ಯಾಂಕ್ ಕೆಲಸ ಮಾಡುತ್ತಲೇ ವೀಲ್‌ಚೇರ್ ಓಟದಲ್ಲೂ ಎಸೆತಗಳಲ್ಲೂ ಸ್ಪರ್ಧಿಸಿದರು. 1989ರಲ್ಲಿ ಡೆನ್ಮಾರ್ಕಿನ ವಿಶ್ವ ಮಾಸ್ಟರ್ಸ್ ಕೂಟದಲ್ಲಿ 200 ಮೀಟರ್ ಓಟ, ಶಾಟ್‌ಪುಟ್, ಡಿಸ್ಕಸ್, ಜಾವೆಲಿನ್ ನಾಲ್ಕರಲ್ಲೂ ಚಿನ್ನ. ಓಟಕ್ಕೂ ಎಸೆತಕ್ಕೂ ಬೇಕಾದ ಅಭ್ಯಾಸ, ಕೂರುವ ರೀತಿ, ಸಾಧನ ಎಲ್ಲವೂ ಬೇರೆ ಎಂದು ಮೇಲೆ ನೋಡಿದೆವಲ್ಲ, ಆ ಹಿನ್ನೆಲೆಯಲ್ಲಿ ಈ ನಾಲ್ಕನ್ನು ಮತ್ತೊಮ್ಮೆ ಓದಬೇಕು. 1995ರ ಅರ್ಜುನ, 2001ರಲ್ಲಿ ಪದ್ಮಶ್ರೀ ಅವರಿಗೆ ಬಂದವು. ಪ್ಯಾರಾ ಕ್ರೀಡೆ ಪತ್ರಿಕೆಗಳ ಮೂಲೆಯಲ್ಲೂ ಬರದ ಕಾಲ ಅದು. ಆಮೇಲೆ ಅವರು ಮಾತೃ ಫೌಂಡೇಶನ್ ಕಟ್ಟಿ ಅಂಗವಿಕಲ ಮಕ್ಕಳಿಗೆ ಆಸರೆಯಾದರು. ಸಭೆಗಳಲ್ಲಿ ಈ ಕೊನೆಯ ಮಾತೇ ಮೊದಲಾಗುತ್ತದೆ, ನಾಲ್ಕು ಚಿನ್ನ ಹಿಂದೆ ಸರಿಯುತ್ತದೆ.

ಮುರಳೀಕಾಂತ್ ಪೇಟ್ಕರ್ ಅವರದು ಇನ್ನೂ ತಡವಾದ ಕಥೆ. 1965ರ ಯುದ್ಧದಲ್ಲಿ ಗುಂಡು ತಿಂದ ಯೋಧ, 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ 37.33 ಸೆಕೆಂಡಿನ ವಿಶ್ವ ದಾಖಲೆಯೊಡನೆ ಚಿನ್ನ ಗೆದ್ದರು. ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ಅದು. ಪದ್ಮಶ್ರೀ ಬಂದದ್ದು 2018ರಲ್ಲಿ, 46 ವರ್ಷದ ಮೇಲೆ. ಅರ್ಜುನ ಜೀವಮಾನ ಗೌರವ ಸಿಕ್ಕಿದ್ದು 2025ರ ಜನವರಿಯಲ್ಲಿ.

ಹೊರಗೆ ಕೂಡ ಮನ್ನಣೆ ಸುಲಭಕ್ಕೆ ಬರಲಿಲ್ಲ. 1975ರಲ್ಲಿ ಬಾಬ್ ಹಾಲ್ ಬಾಸ್ಟನ್ ಮ್ಯಾರಥಾನ್‌ನಲ್ಲಿ ವೀಲ್‌ಚೇರ್ ಓಡಿಸಲು ಅವಕಾಶ ಕೇಳಿದಾಗ, ಮೂರು ಗಂಟೆಯೊಳಗೆ ಮುಗಿಸಿದರೆ ಪ್ರಮಾಣಪತ್ರ ಕೊಡುತ್ತೇವೆ ಎಂದು ಸಂಘಟಕರು ಷರತ್ತು ಹಾಕಿದರು. ಅವರು 2 ಗಂಟೆ 58 ನಿಮಿಷದಲ್ಲಿ ಮುಗಿಸಿದರು. ಅದೇ ಬಾಸ್ಟನ್‌ನಲ್ಲಿ 2024ರಲ್ಲಿ ಹುಗ್ ತೆಗೆದುಕೊಂಡದ್ದು 1 ಗಂಟೆ 15 ನಿಮಿಷ 33 ಸೆಕೆಂಡು.

ಈಗ ನಮ್ಮಲ್ಲಿ ಪರಿಸ್ಥಿತಿ ಸುಧಾರಿಸಿದೆ. 2024ರ ಪ್ಯಾರಿಸ್‌ನಲ್ಲಿ ಭಾರತ ಗೆದ್ದದ್ದು 29 ಪದಕ, ಅದರಲ್ಲಿ 7 ಚಿನ್ನ. ಕೇಂದ್ರ ಸರ್ಕಾರ ಚಿನ್ನಕ್ಕೆ 75 ಲಕ್ಷ, ಬೆಳ್ಳಿಗೆ 50, ಕಂಚಿಗೆ 30 ಲಕ್ಷ ಘೋಷಿಸಿತು. ವೀಲ್‌ಚೇರ್‌ನಲ್ಲಿ ಕೂತು ರೈಫಲ್ ಹಿಡಿಯುವ ಅವನಿ ಲೇಖರಾ ಟೋಕಿಯೊ, ಪ್ಯಾರಿಸ್ ಎರಡರಲ್ಲೂ 10 ಮೀಟರ್ ಚಿನ್ನ ಗೆದ್ದು ಮನೆಮಾತಾದರು. ಗೆದ್ದ ಮೇಲೆ ಕೊಡುವವರಿಗೆ ಕೊರತೆಯಿಲ್ಲ. ಗೆಲ್ಲುವ ಮೊದಲು ಕುರ್ಚಿ ಕೊಡಿಸುವವರನ್ನು ಹುಡುಕಬೇಕು.

ವೇದಿಕೆಯ ವಿಷಯ

ಕೊನೆಗೆ ಸಂಘಟಕರಿಗೆ ಒಂದೆರಡು ಮಾತು, ತುಮಕೂರಿನ ಸಂಘ ಸಂಸ್ಥೆಗಳವರು ಬೇಜಾರು ಮಾಡಿಕೊಳ್ಳಬಾರದು. ವೇದಿಕೆಗೆ ಮೆಟ್ಟಿಲು ಮಾತ್ರ ಇದ್ದು, ನಾಲ್ಕು ಜನ ಸ್ವಯಂಸೇವಕರು ಕುರ್ಚಿಸಮೇತ ಅತಿಥಿಯನ್ನು ಎತ್ತಿ ಮೇಲಿಡುವ ದೃಶ್ಯವನ್ನು ಜನ ಚಪ್ಪಾಳೆ ತಟ್ಟಿ ನೋಡುತ್ತಾರೆ. ಎತ್ತಿಸಿಕೊಳ್ಳುವವರಿಗೆ ಅದು ಮುಜುಗರ, ಕೈಜಾರಿದರೆ ಆಸ್ಪತ್ರೆ. ಇಳಿಜಾರಿನ ಲೆಕ್ಕ ಸರಳ: ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಮೂರಡಿ ವೇದಿಕೆಗೆ 36 ಅಡಿ ಬೇಕಾಗುತ್ತದೆ. ಪೆಂಡಾಲ್‌ನವರು ಎಂಟಡಿ ಹಲಗೆ ಒರಗಿಸಿ “ರ‍್ಯಾಂಪ್ ಇದೆ ಸಾರ್” ಅಂದರೆ ಒಪ್ಪಬೇಡಿ, ಅದು ಜಾರುಬಂಡೆ. ಜಾಗವೇ ಇಲ್ಲದಿದ್ದರೆ ವೇದಿಕೆ ಬಿಟ್ಟು ಎಲ್ಲರೂ ಕೆಳಗೆ ಕೂತರಾಯಿತು, ಅಧ್ಯಕ್ಷರೂ ಸೇರಿ. ವೀಲ್‌ಚೇರ್ ಒಳಗೆ ಹೋಗಿ ತಿರುಗುವಷ್ಟು ಅಗಲದ ಶೌಚಾಲಯ ಇದೆಯೇ ಎಂದು ಆಮಂತ್ರಣ ಅಚ್ಚಿಗೆ ಕೊಡುವ ಮೊದಲೇ ನೋಡಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳಿಗೆ ಇದನ್ನೆಲ್ಲ ಕಡ್ಡಾಯ ಮಾಡಿದೆ. ಅದರ 30ನೆಯ ಸೆಕ್ಷನ್ ಕ್ರೀಡೆಯ ಬಗ್ಗೆಯೇ ಇದೆ.

ಆಮೇಲೆ ಮಾನಪತ್ರ. ಚೌಕಟ್ಟು ಹಾಕಿಸುವ ಮೊದಲು ಕ್ರೀಡಾಪಟುವಿಗೇ ಫೋನ್ ಮಾಡಿ ನಾಲ್ಕು ಸಂಗತಿ ಕೇಳಿ ಬರೆದುಕೊಳ್ಳಿ: ಸ್ಪರ್ಧೆ, ವರ್ಗ, ಸಮಯ ಅಥವಾ ದೂರ, ಕೂಟ ನಡೆದ ಊರು ಮತ್ತು ವರ್ಷ. “ವಿಧಿಯನ್ನು ಗೆದ್ದ ಧೀರೆ” ಎಂಬ ಸಾಲಿನ ಜಾಗದಲ್ಲಿ “1989, ಡೆನ್ಮಾರ್ಕ್, 200 ಮೀಟರ್ ವೀಲ್‌ಚೇರ್ ಓಟ, ಶಾಟ್‌ಪುಟ್, ಡಿಸ್ಕಸ್, ಜಾವೆಲಿನ್, ನಾಲ್ಕರಲ್ಲೂ ಚಿನ್ನ” ಎಂದು ಅಚ್ಚಾದರೆ ಸಾಕು. ನಿರೂಪಕರು ಅದನ್ನು ನಿಧಾನವಾಗಿ, ಎರಡು ಸಲ ಓದಲಿ.